ಮೆಕ್ಕೆಜೋಳಕ್ಕೊಂದು ತಕರಾರು

ಸುಮಂಗಲಾ ವಕೀಲೆ ಎಂಬುದನ್ನು ಹರಪನಹಳ್ಳಿಯಲ್ಲಿ ಯಾರೂ ಪೂರ್ತಿಯಾಗಿ ನಂಬಿರಲಿಲ್ಲ. ವಕೀಲರೆಂದರೆ ಮೈಮೇಲೆ ಕರಿ ಕೋಟು, ಮನೆ ಮುಂದೆ ಬೋರ್ಡು, ಬದುವಿನ ಜಗಳವೆಂದರೆ ಅರಳುವ ಮುಖ. ಈಕೆಗೆ ಇದೊಂದೂ ಇರಲಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಯಾರಾದರೂ ಪಹಣಿ ಹಿಡಿದು ಬಾಗಿಲಿಗೆ ಬಂದರೆ, "ಇದು ನನಗೆ ಗೊತ್ತಾಗುವುದಿಲ್ಲ, ಇಲ್ಲಿನ ವಕೀಲರನ್ನೇ ಕೇಳಿ" ಎಂದು ಚಹಾ ಕೊಟ್ಟು ಕಳಿಸುತ್ತಿದ್ದಳು. ಹೆತ್ತ ತಾಯಿ ಪಕ್ಕೀರಮ್ಮನೇ ಓಣಿಯ ಹೆಂಗಸರೆದುರು ಕೈ ಚೆಲ್ಲಿದ್ದಳು: "ಓದಿದ್ದೇನೋ ವಕೀಲಿನ ಐತವ್ವ. ಆದ್ರ ಒಂದು ಕೇಸು ಗೆದ್ಲು ಅನ್ನೋದು ಇಲ್ಲೀತನಕ ನನ್ನ ಕಿವಿಗೆ ಬಿದ್ದಿಲ್ಲ."

ಸೋತದ್ದೂ ಬಿದ್ದಿರಲಿಲ್ಲ. ದೆಹಲಿಯ ಒಂದು ಇಲಾಖೆಯಲ್ಲಿ ಸುಮಂಗಲಾ ಮಾಡುತ್ತಿದ್ದುದು ಗೆಲುವು ಸೋಲು ಎರಡೂ ಇಲ್ಲದ ಕೆಲಸ. ಬೇರೆ ದೇಶಗಳೊಂದಿಗೆ ವ್ಯಾಪಾರದ ಒಪ್ಪಂದವಾಗುವಾಗ ಯಾವ ಸರಕು ಎಷ್ಟು ಸುಂಕಕ್ಕೆ ಒಳಗೆ ಬರಬೇಕು, ಯಾವುದು ಬರಲೇಬಾರದು ಎಂದು ದೊಡ್ಡವರು ಹೇಳುತ್ತಾರೆ. ಹೇಳಿದ್ದು ನಾಳೆ ನಮ್ಮ ಕುತ್ತಿಗೆಗೇ ಬಾರದ ಹಾಗೆ ವಾಕ್ಯ ಕಟ್ಟುವುದು ಸರ್ಕಾರಿ ವಕೀಲರ ಪಾಲು. ಒಂದೇ ಪ್ಯಾರಾದ ಮೇಲೆ ಇಡೀ ಚಳಿಗಾಲ ಕೂತು, ಬೇಸಿಗೆಯಲ್ಲಿ ಅದನ್ನು ತೆಗೆದುಹಾಕಿದ್ದೂ ಉಂಟು. ಜಿನೀವಾಕ್ಕೆ ಹಲವಾರು ಸಲ ಹೋಗಿದ್ದಳು. ಅಲ್ಲಿ ಅವಳು ಕಂಡದ್ದು ಕಿಟಕಿಯಿಲ್ಲದ ಕೋಣೆ, ಗುಂಡಿ ಒತ್ತಿದರೆ ಕಾಫಿಯ ಹೆಸರಿನಲ್ಲಿ ಏನನ್ನೋ ಸುರಿಸುವ ಯಂತ್ರ, ಎದುರು ದೇಶದ ವಕೀಲರ ಇಸ್ತ್ರಿ ಮಾಡಿದಂಥ ಮುಖಗಳು. ಆ ಊರಲ್ಲೊಂದು ಸರೋವರ ಇದೆಯೆಂದು ಕೇಳಿದ್ದಳು. ಒಪ್ಪಂದಕ್ಕೆ ಸಹಿ ಬಿದ್ದ ಮರುದಿನ ಪತ್ರಿಕೆಯ ಫೋಟೋದಲ್ಲಿ ಮಂತ್ರಿಗಳು ಕೈ ಕುಲುಕುತ್ತಿದ್ದರು. ಸುಮಂಗಲಾ ಮನೆಯಲ್ಲಿ ಬಾಕಿ ನಿದ್ದೆ ತೀರಿಸುತ್ತಿದ್ದಳು.

ನಿವೃತ್ತಿಗೆ ಇನ್ನು ಕೆಲವೇ ತಿಂಗಳು ಎನ್ನುವಾಗ ಅವಳ ಮೇಜಿಗೆ ಮೆಕ್ಕೆಜೋಳ ಬಂತು.

ಸಮುದ್ರದಾಚೆಯ ಒಂದು ದೊಡ್ಡ ದೇಶಕ್ಕೆ ತನ್ನ ಮೆಕ್ಕೆಜೋಳವನ್ನು ನಮ್ಮಲ್ಲಿ ಮಾರಬೇಕಿತ್ತು. ಬದಲಿಗೆ ನಮ್ಮ ಸಿದ್ಧ ಉಡುಪಿಗೆ ಅಲ್ಲಿ ಬಾಗಿಲು ತೆರೆಯುತ್ತದಂತೆ. ಇಲಾಖೆಯಲ್ಲಿ ಎಲ್ಲರಿಗೂ ಇದು ನ್ಯಾಯವಾದ ಕೊಡುಕೊಳ್ಳುವಿಕೆಯಾಗಿ ಕಂಡಿತು. "ಕೋಳಿ ತಿನ್ನುವ ಕಾಳು ತಾನೇ" ಎಂದರು ಹಿರಿಯ ಅಧಿಕಾರಿಯೊಬ್ಬರು, ಕೋಳಿಯನ್ನು ತಾವು ತಿನ್ನುವುದನ್ನು ಮರೆತು. ಸುಮಂಗಲಾ ಕರಡು ಓದಿದಳು. ಮೊದಲ ವರ್ಷ ಸ್ವಲ್ಪವೇ ಬರುತ್ತದೆ. ಆಮೇಲೆ ಯಾರೂ ಯಾರನ್ನೂ ಕೇಳದೆ ವರ್ಷ ವರ್ಷವೂ ತಾನಾಗಿ ಹೆಚ್ಚುತ್ತ ಹೋಗುವಂತೆ ಬರೆದಿದ್ದರು. ಚೆನ್ನಾಗಿಯೇ ಬರೆದಿದ್ದರು. ಎದುರು ಪಕ್ಷದ ಕೈಚಳಕಕ್ಕೆ ಅವಳು ಮನಸ್ಸಿನಲ್ಲೇ ತಲೆದೂಗಿದಳು.

ಅವಳ ಅಪ್ಪ ನಾಗೇಂದ್ರಪ್ಪ ಹರಪನಹಳ್ಳಿಯ ಮಾರುಕಟ್ಟೆಯಲ್ಲಿ ಹಮಾಲಿ. ಮೆಕ್ಕೆಜೋಳದ ಚೀಲ ಹೊತ್ತು ಹೊತ್ತೇ ಮಗಳನ್ನು ಓದಿಸಿ ತೀರಿಕೊಂಡವನು. ಮಾರುಕಟ್ಟೆಯಲ್ಲಿ ಧಾರಣೆ ಬಿದ್ದ ಸುದ್ದಿ ಮನೆಯ ಒಲೆಗೆ ಎಷ್ಟು ಬೇಗ ಮುಟ್ಟುತ್ತದೆ ಎಂಬುದು ಅವಳಿಗೆ ಗೊತ್ತು. ಆದರೆ ಅಪ್ಪನ ಬೆನ್ನನ್ನು ಕಡತದಲ್ಲಿ ಬರೆಯಲು ಬರುವುದಿಲ್ಲ. ಕಾನೂನಿನ ಕಾರಣಗಳನ್ನೇ ಕೊಟ್ಟು, ಈ ಸರಕನ್ನು ಕೈಬಿಡುವುದು ಲೇಸು ಎಂದು ಟಿಪ್ಪಣಿ ಬರೆದಳು. ಟಿಪ್ಪಣಿ ಮೇಲಕ್ಕೆ ಹೋಗಿ ಕೆಳಗಿಳಿದು ಬಂತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದು ಸಾಲು: ಬೆಳೆಗಾರರ ಆಕ್ಷೇಪಣೆ ಏನಾದರೂ ದಾಖಲಾಗಿದೆಯೇ? ಇಲ್ಲವಾದರೆ ಮುಂದುವರಿಯಬಹುದು.

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ವ್ಯಾಪಾರದ ಮಾತುಕತೆಯಲ್ಲಿ "ನನಗೇನೋ ಸರಿ, ಮನೆಯವರು ಒಪ್ಪುವುದಿಲ್ಲ" ಎನ್ನಬಲ್ಲವನೇ ಗಟ್ಟಿಗ. ಸೀರೆ ಅಂಗಡಿಯಲ್ಲೂ ಅಷ್ಟೇ, ಜಿನೀವಾದಲ್ಲೂ ಅಷ್ಟೇ. ಜಿನೀವಾದಲ್ಲಿ ಮನೆಯವರ ಹೆಸರು, ಊರು ಕಾಗದದ ಮೇಲೆ ಬೇಕು. ಹಾಗಾಗಿ ಬೆಳೆಗಾರರ ಅಭಿಪ್ರಾಯ ಕೇಳುವ ಸಭೆಗಳು ನಿಗದಿಯಾದವು. ಬೇರೆ ರಾಜ್ಯಗಳ ಸಭೆಗಳು ಸದ್ದಿಲ್ಲದೆ ಮುಗಿದುಹೋದವು, ಅಲ್ಲಿಗೆ ಬಂದವರು ಬೆಳೆಗಾರರಿಗಿಂತ ಹೆಚ್ಚಾಗಿ ಕೋಳಿ ಸಾಕುವ ಕಂಪನಿಯವರು. ಉಳಿದದ್ದು ಹರಪನಹಳ್ಳಿಯದೊಂದೇ. ಭಾಷೆ ಬರುತ್ತದೆಂಬ ಕಾರಣಕ್ಕೆ ಸುಮಂಗಲಾಳನ್ನೇ ಕಳಿಸಿದರು. ಅಲ್ಲಿ ಒಬ್ಬ ರೈತ, ಒಬ್ಬನೇ ಒಬ್ಬ, ತನ್ನ ಹೆಸರು ಹೇಳಿ ಬೇಡ ಎಂದರೆ ಸಾಕು, ಈ ಸುತ್ತಿನ ಮಾತುಕತೆಯಿಂದ ಮೆಕ್ಕೆಜೋಳ ಹೊರಗೆ. ಯಾರೂ ಅನ್ನದಿದ್ದರೆ ಒಳಗೆ. ಹಾಗೆ ಅನ್ನಿ ಎಂದು ಅವಳು ಹೇಳಿಕೊಡುವಂತಿರಲಿಲ್ಲ. ಸಭೆ ನಡೆಸುವ ಅಧಿಕಾರಿ ಯಾವ ಅಭಿಪ್ರಾಯವನ್ನೂ ಸೂಚಿಸಬಾರದೆಂಬ ನಿಯಮವಿತ್ತು. ಹಿಂದೊಮ್ಮೆ ಅದನ್ನು ಬರೆದವಳು ಅವಳೇ. ನುಸುಳಲು ಸಂದಿಯಿಲ್ಲದಂತೆ ಬರೆದಿದ್ದಳು.

ಆದರೂ ಅವಳಿಗೆ ಚಿಂತೆಯಿರಲಿಲ್ಲ. ಹರಪನಹಳ್ಳಿಯಲ್ಲಿ ತಕರಾರಿಗೆ ಬರವೇ? ಬಸ್ಸಿನ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂದು ಕೊಟ್ಟೂರಲ್ಲಿ ಶುರುವಾದ ವಾದ ಹರಪನಹಳ್ಳಿ ನಿಲ್ದಾಣದಲ್ಲಿ ಇಳಿದ ಮೇಲೂ ಮುಗಿಯದ ಸೀಮೆ ಅದು.

ಅವಳು ಎಣಿಕೆಗೆ ತೆಗೆದುಕೊಳ್ಳದೆ ಬಿಟ್ಟದ್ದು ತಮ್ಮ ಹೊನ್ನೂರಸ್ವಾಮಿಯನ್ನು.

ಎರಡು ರಾತ್ರಿ ರೈಲಿನಲ್ಲಿ ಕಳೆದು, ಬೆಳಿಗ್ಗೆ ಸಭಾಭವನದ ಮುಂದೆ ಕಾರಿನಿಂದಿಳಿದ ಸುಮಂಗಲಾ ತಲೆಯೆತ್ತಿದರೆ ಅವಳದೇ ಮುಖ ಬಾಗಿಲಿಗಿಂತ ಅಗಲವಾಗಿ ನಗುತ್ತಿತ್ತು. 'ಹರಪನಹಳ್ಳಿಯ ಹೆಮ್ಮೆಯ ಪುತ್ರಿಗೆ ಹಾರ್ದಿಕ ಅಭಿನಂದನಾ ಸಮಾರಂಭ.' ಅದರ ಕೆಳಗೆ ಕನ್ನಡಕ ಹಾಕಿಕೊಂಡು ನೋಡಬೇಕಾದಷ್ಟು ಸಣ್ಣಗೆ, 'ಹಾಗೂ ಸಮಾಲೋಚನೆ.'

"ಏನೋ ಇದು?"

"ಬ್ಯಾನರ್ರು," ಎಂದ ಹೊನ್ನೂರಸ್ವಾಮಿ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು ಆ ದಿನ ರಜೆ ಹಾಕಿ, ಹೊಸ ಅಂಗಿ ತೊಟ್ಟಿದ್ದ.

"ಇದು ಸರ್ಕಾರಿ ಸಭೆ, ಹೊನ್ನೂರ."

"ಸರ್ಕಾರಿದ ಐತಿ. ಕೆಳಗ ಬರಸೀನಲ್ಲ." ಅವನು ಅಕ್ಕನ ಕೈಚೀಲ ತೆಗೆದುಕೊಂಡ. "ನೀ ಏನೂ ಅಂಜಬ್ಯಾಡಕ್ಕಾ. ಒಬ್ಬರೂ ತಕರಾರು ತಗಿಯಂಗಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ, ಎಲ್ಲಾ ಕಡಿಗೂ ನಾನ ಗಾಡಿ ಮ್ಯಾಲ ಹೋಗಿ ಹೇಳಿ ಬಂದೀನಿ. ಮನಿ ಮಗಳು ತವರಿಗೆ ಬರಾಕತ್ತಾಳ, ಏನಾರ ಇದ್ರ ಆಮ್ಯಾಲ ನನ್ನ ಬೈರಿ, ಅಕಿ ಮುಂದ ಮಾತ್ರ ಬಾಯಿ ತಗೀಬ್ಯಾಡ್ರಿ ಅಂತ. ಎಲ್ಲಾರೂ ಹೂಂ ಅಂದಾರ."

"ಎಲ್ಲರೂ?"

"ಎಲ್ಲಾರೂ!"

ಸುಮಂಗಲಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಪ್ರಯಾಣದ ಆಯಾಸವೆಂದು ತಿಳಿದು ಅವನು ಎಳನೀರಿಗೆ ಓಡಿದ.

ವೇದಿಕೆಯ ಮೇಲೆ ಅವಳಿಗೆ ಎತ್ತರದ ಕುರ್ಚಿ, ಬೆನ್ನಿಗೆ ಹೊಸ ಟವೆಲ್ಲು. ಪಕ್ಕದಲ್ಲಿ ದೆಹಲಿಯಿಂದ ಬಂದ ಭಟನಾಗರ್. ಸಭೆಯಲ್ಲಿ ಆಡಿದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ದಾಖಲಿಸುವುದು ಅವರ ಕೆಲಸ. ಕನ್ನಡ ಬಾರದ್ದರಿಂದ ಸುಮಂಗಲಾ ಹಿಂದಿಯಲ್ಲಿ ಹೇಳಬೇಕು, ಅವರು ಟೈಪು ಹೊಡೆದುಕೊಳ್ಳಬೇಕು. ಹೇಳದ್ದನ್ನು ಅವರು ಹೊಡೆಯುವವರಲ್ಲ, ಆಡದ್ದನ್ನು ಅವಳು ಹೇಳುವವಳಲ್ಲ. ಇಬ್ಬರೂ ಇಲಾಖೆಯಲ್ಲಿ ಬಡ್ತಿ ಸಿಗದೆ ಉಳಿದದ್ದು ಬಹುಶಃ ಇದರಿಂದಲೇ.

ಮೊದಲು ಮಾತಾಡಿದವನು ವರ್ತಕರ ಸಂಘದ ಅಧ್ಯಕ್ಷ ಕೊಟ್ರಬಸಪ್ಪ. "ನಮ್ಮ ಅಂಗಡಿ ಹಮಾಲಿ ನಾಗೇಂದ್ರಪ್ಪನ ಮಗಳ್ರಿ ಇವರು! ಇವತ್ತು ದೇಶದೇಶಕ್ಕ ರೇಟು ಕಟ್ತಾರ! ನಮ್ಮ ಅಂಗಡಿ ಕಾಲ್ಗುಣ ನೋಡ್ರಿ!" ಎಂದು ಶಾಲು ಹೊದಿಸಿದ. ಆ ಅಂಗಡಿಯ ಗಾದಿಯ ಅಂಚಿಗೂ ನಾಗೇಂದ್ರಪ್ಪ ಯಾವತ್ತೂ ಕೂತವನಲ್ಲ. ಸುಮಂಗಲಾ ಕೈಮುಗಿದಳು. ಅನಂತರ ಹಗರಿಬೊಮ್ಮನಹಳ್ಳಿಯವರ ಶಾಲು, ಹಡಗಲಿಯವರ ಮಲ್ಲಿಗೆ ಹಾರ, ಕೂಡ್ಲಿಗಿಯವರ ಹಣ್ಣಿನ ಬುಟ್ಟಿ. ಕೊಟ್ಟೂರಿನವರು ಗಾಜಿನ ಚೌಕಟ್ಟಿನಲ್ಲಿ ಏನೋ ಒಂದನ್ನು ಕೊಟ್ಟರು, ಅದು ಭಾರವಾಗಿತ್ತು.

ಅಂತೂ ಮೈಕು ಅವಳ ಕೈಗೆ ಬಂತು. ಶಾಲುಗಳೊಳಗಿನಿಂದಲೇ, ಆಕಾಶವಾಣಿಯವರಂಥ ಕನ್ನಡದಲ್ಲಿ, ಒಪ್ಪಂದದಲ್ಲಿ ಏನಿದೆ ಎಂದು ಬಿಡಿಸಿ ಹೇಳಿದಳು. ಹೊರದೇಶದ ಮೆಕ್ಕೆಜೋಳ ಬರಬಹುದು, ವರ್ಷ ವರ್ಷ ಹೆಚ್ಚಬಹುದು. "ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು? ಯಾವ ಅಭಿಪ್ರಾಯವಾದರೂ ಸರಿ, ಸಂಕೋಚವಿಲ್ಲದೆ ಹೇಳಬಹುದು."

ದೀರ್ಘ ಚಪ್ಪಾಳೆ. ಹಡಗಲಿ ಕಡೆಯ ರೈತನೊಬ್ಬ ಎದ್ದ. ಅವಳ ಎದೆ ಒಂದು ಗಳಿಗೆ ಹಗುರಾಯಿತು. "ಮೇಡಮ್ಮಾರು ಏನು ಮಾಡಿದ್ರೂ ನಮ್ಮ ಒಳ್ಳೇದಕ್ಕ ಮಾಡ್ತಾರ್ರಿ" ಎಂದು ಹೇಳಿ ಅವನು ಕೂತ.

"ಏನಂದರು?" ಎಂದು ಕೇಳಿದರು ಭಟನಾಗರ್.

"ಒಪ್ಪಿಗೆ ಅಂದರು."

ಟಕ ಟಕ ಟಕ.

"ಒಪ್ಪದವರೂ ಇರಬಹುದು," ಎಂದಳು ಸುಮಂಗಲಾ. ನಿಯಮದ ಅಂಚಿನವರೆಗೆ ಹೋಗುವುದಕ್ಕೆ ಅಡ್ಡಿಯಿರಲಿಲ್ಲ. ಆದರೆ ನಿರೂಪಣೆಗೆ ನಿಂತಿದ್ದ ಸಿದ್ದಲಿಂಗ ಮೇಷ್ಟ್ರು ಮೈಕು ಕಸಿದುಕೊಂಡು, "ಅಂಥವರು ಯಾರಾರ ಅದಾರೇನ್ರಿ ಇಲ್ಲೆ?" ಎಂದರು. "ಇಲ್ಲಾ!" ಎಂದಿತು ಇಡೀ ಸಭೆ, ಶಾಲೆಯ ಮಕ್ಕಳ ಹಾಗೆ. "ಕೇಳಸಲಿಲ್ಲ?" "ಇಲ್ಲಾ!!"

ಟಕ ಟಕ.

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚುವುದು ಶುರುವಾಯಿತು. ಸಭೆ ಮುಗಿಯಿತೆಂದೇ ಅದರ ಅರ್ಥ. ಭಟನಾಗರ್ ಬಜ್ಜಿಯೊಂದನ್ನು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡೇ ಕೊನೆಯ ಸಾಲು ಹೊಡೆಯತೊಡಗಿದರು. ಇಷ್ಟು ವರ್ಷ ಎದುರು ದೇಶದವರ ಬಾಯಿಂದ ಒಪ್ಪಿಗೆ ಹೊರಡಿಸಲು ಹೆಣಗಿದವಳು ಸುಮಂಗಲಾ. ತನ್ನೂರಿನ ಒಪ್ಪಿಗೆಯ ಕೆಳಗೆ ಸಿಕ್ಕಿ ಉಸಿರುಗಟ್ಟುವ ಕಾಲ ಬರುತ್ತದೆಂದು ಅಂದುಕೊಂಡಿರಲಿಲ್ಲ. ಶಾಲುಗಳು ಸೆಕೆಗೆ ಚುಚ್ಚುತ್ತಿದ್ದವು.

ಆಗ ಹಿಂದಿನ ಬಾಗಿಲಿನಿಂದ ಒಂದು ದನಿ ಕೇಳಿತು.

"ಏಯ್! ಮೆಣಸಿನಕಾಯಿ ಮುಂದಿನ ಸಾಲಿಗಷ್ಟನಾ?"

ಕಾನಹೊಸಹಳ್ಳಿ ಕಡೆಯ ದುರುಗಣ್ಣ ಅವನು. ಹೊನ್ನೂರಸ್ವಾಮಿ ಎಲ್ಲರಿಗೂ ಹೇಳಿ ಬಂದಿದ್ದರೂ ಅವನ ಹೊಲದ ಕಡೆಗೆ ಮಾತ್ರ ಗಾಡಿ ತಿರುಗಿಸಿರಲಿಲ್ಲ. ಸುಮ್ಮನಿರು ಎಂದು ದುರುಗಣ್ಣನಿಗೆ ಹೇಳುವುದೆಂದರೆ ಮಾತಾಡಲು ವೀಳ್ಯ ಕೊಟ್ಟಂತೆ ಎಂಬುದು ಆ ಸೀಮೆಗೆಲ್ಲ ಗೊತ್ತು. ಅವನು ತಾನಾಗಿಯೇ ಬಂದಿದ್ದ, ಕುರ್ಚಿ ಸಿಗದೆ ನಿಂತಿದ್ದ, ಈಗ ಬಜ್ಜಿಯ ತಟ್ಟೆ ಅವನನ್ನು ಮುಟ್ಟುವ ಮೊದಲೇ ಖಾಲಿಯಾಗಿತ್ತು.

"ಕುಂದ್ರಲೇ ದುರುಗ!" ಎಂದಿತು ಸಭೆ.

"ಎಲ್ಲಿ ಕುಂದರ್ಲಿ, ನಿನ್ನ ತೊಡಿ ಮ್ಯಾಲ? ಮುಂಜಾನಿಂದ ನೋಡಾಕತ್ತೀನಿ, ಹೊದಿಸಿದ್ದ ಹೊದಿಸಿದ್ದು. ಯಾತಕ್ಕ ಸನ್ಮಾನ? ಡೆಲ್ಲ್ಯಾಗ ಕುಂತು ಈ ತಾಯಿ ನಮಗೇನು ಮಾಡ್ಯಾಳ? ಹೊರದೇಶದ ಜ್ವಾಳ ತರ್ತಾರಂತ! ನಾವು ಬೆಳದಿದ್ದನ್ನ ಹಸಿ ಐತಿ, ಹುಳಾ ಬಿದ್ದೈತಿ ಅಂತ ಈ ಕೊಟ್ರಬಸಪ್ಪ ಮೂಗು ಮುರಿತಾನ. ಹಡಗಿನಾಗ ಬಂದಿದ್ದೇನು ಬಿಸಲಾಗ ಒಣಗಿಸಿಕೊಂಡು ಬರ್ತೈತೇನು? ಬ್ಯಾಡ ನಮಗ! ತರಬ್ಯಾಡ್ರಿ ಅದನ್ನ!"

ಕೊಟ್ರಬಸಪ್ಪನ ಮುಖ ಕೆಂಪಗಾಯಿತು. ಸುಮಂಗಲಾ ಭಟನಾಗರ್ ಕಡೆಗೆ ತಿರುಗಿ, ಒಂದಕ್ಷರ ಕೂಡಿಸದೆ, ಕಳೆಯದೆ, ಬಜ್ಜಿಯಿಂದ ಹಡಗಿನವರೆಗೆ ಎಲ್ಲವನ್ನೂ ಹಿಂದಿಯಲ್ಲಿ ಹೇಳಿದಳು. ಅವರು ಹೊಡೆದುಕೊಂಡು ಕೇಳಿದರು: "ಹೆಸರು?"

"ತಮ್ಮ ಹೆಸರು, ತಂದೆಯ ಹೆಸರು, ಊರು ಹೇಳಬೇಕು," ಎಂದಳು ಸುಮಂಗಲಾ ಮೈಕಿನಲ್ಲಿ.

ಸಭೆ ತಣ್ಣಗಾಯಿತು. ಅಧಿಕಾರದಲ್ಲಿದ್ದವರು ಹೆಸರು, ತಂದೆಯ ಹೆಸರು, ಊರು ಕೇಳುವುದು ಶಾಲು ಹೊದಿಸುವುದಕ್ಕಲ್ಲ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು.

"ಯಾಕ್ರಿ?" ಎಂದ ದುರುಗಣ್ಣ. ದನಿ ಅರ್ಧಕ್ಕೆ ಇಳಿದಿತ್ತು.

"ಬರೆದುಕೊಳ್ಳಬೇಕು."

"ಕೇಸು ಹಾಕ್ತಾಳ," ಎಂದು ಯಾರೋ ಪಿಸುಗುಟ್ಟಿದರು. "ವಕೀಲಿ ಅದಾಳಲ್ಲ."

ಸುಮಂಗಲಾ ವಕೀಲೆ ಎಂಬುದನ್ನು ಹರಪನಹಳ್ಳಿ ನಂಬಿದ್ದು ಆ ಕ್ಷಣದಲ್ಲಿ.

"ನಾ ಏನೂ ಅಂದಿಲ್ರಿ," ಎಂದ ದುರುಗಣ್ಣ, ಬಾಗಿಲ ಕಡೆ ಸರಿಯುತ್ತ. "ಮೆಣಸಿನಕಾಯಿ ಸುದ್ದಿ ಅಷ್ಟ ನಂದು." ಅಷ್ಟರಲ್ಲಿ ಹೊನ್ನೂರಸ್ವಾಮಿ ಓಡಿ ಹೋಗಿ ಅವನ ತೋಳು ಹಿಡಿದಿದ್ದ. "ಅಕ್ಕಗ ಕ್ಷಮಾ ಕೇಳಿ ಹೋಗು. ಕೇಳಿದ್ರ ಬಿಡ್ತೀನಿ."

"ಕೇಳ್ತೀನಿ ಬಿಡಪ್ಪ. ತಪ್ಪಾತ್ರಿ ಮೇಡಂ. ಬಾಯಿ ತಪ್ಪಿ ಬಂತು."

ಸಭೆಗೆ ಉಸಿರು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಹಿಂದಕ್ಕೆ ತಗೊಂಡರೇ?" ಎಂದರು ಭಟನಾಗರ್, ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು. ಅವರದೇನೂ ತಪ್ಪಿಲ್ಲ. ಹಿಂದಕ್ಕೆ ತೆಗೆದುಕೊಂಡ ಮಾತನ್ನು ದಾಖಲಿಸುವಂತಿಲ್ಲ.

ಸುಮಂಗಲಾ ಎದ್ದು ನಿಂತಳು. ಶಾಲುಗಳು ಕುರ್ಚಿಯ ಮೇಲೆ ಜಾರಿದವು. ಆಕಾಶವಾಣಿಯ ಕನ್ನಡವೂ ಅವುಗಳ ಜೊತೆಗೇ ಎಲ್ಲೋ ಜಾರಿತು.

"ಏ ನಿಲ್ಲೋ ಯಪ್ಪಾ! ಇಷ್ಟೊತ್ತು ಹಂಚು ಹಾರಂಗ ಒದರಿದವ, ಹೆಸರು ಅಂದ ಕೂಡ್ಲೆ ಬಾಗಲ ಹುಡುಕ್ತೀಯಲ್ಲ? ಹೆಸರು ಹೇಳದವನ ಮಾತೂ ಒಂದ, ಓಣ್ಯಾಗ ನಾಯಿ ಬೊಗಳಿದ್ದೂ ಒಂದ. ಹೋಗು, ಮೆಣಸಿನಕಾಯಿ ತಿನ್ನು ಹೋಗು!"

ಮೊದಲ ಸಾಲಿನಲ್ಲಿ ಯಾರದೋ ಕೈಯಿಂದ ಮಂಡಕ್ಕಿಯ ತಟ್ಟೆ ಬಿತ್ತು. ದುರುಗಣ್ಣ ತಿರುಗಿ ನಿಂತ.

"ಯಾರಿಗಂದಿ ನಾಯಿ ಅಂತ?"

"ಹೆಸರು ಗೊತ್ತಿದ್ರಲ್ಲೇನು, ಯಾರಿಗೆ ಅಂತ ಹೇಳೋದು?"

ದುರುಗಣ್ಣ ಹೊನ್ನೂರಸ್ವಾಮಿಯನ್ನು ಕೊಡವಿ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಬುಡಕ್ಕೇ ಬಂದ. "ಬರಕೋ! ದುರುಗಣ್ಣ ಅಂತ ಬರಕೋ! ನಮ್ಮಪ್ಪ ಪಾಲಾಕ್ಷಪ್ಪ! ಕಾನಹೊಸಹಳ್ಳಿ ಹೋಬಳಿ! ಹೊರದೇಶದ ಮೆಕ್ಕಿಜ್ವಾಳ ಬ್ಯಾಡ ಅಂದೀನಿ, ಈಗೂ ಅಂತೀನಿ, ನಾಳೆನೂ ಅಂತೀನಿ! ಯಾವ ಕೇಸು ಹಾಕ್ತಿ ಹಾಕು! ನನ್ನ ಹೊಲದ ಸರ್ವೆ ನಂಬರೂ ಬರಕೋ!" ಎಂದು ಅದನ್ನೂ ಹೇಳಿದ.

ಸುಮಂಗಲಾ ಹಿಂದಿಯಲ್ಲಿ ಹೇಳುತ್ತ ಹೋದಳು.

"ಸರ್ವೆ ನಂಬರೂ?" ಎಂದರು ಭಟನಾಗರ್.

"ಅದೂ."

ಅಧಿಕಾರಿ ಅಭಿಪ್ರಾಯ ಸೂಚಿಸಬಾರದೆಂದು ನಿಯಮದಲ್ಲಿತ್ತು. ಬೈಯಬಾರದು ಎಂದು ಇರಲಿಲ್ಲ. ಇಷ್ಟು ವರ್ಷಗಳಾದ ಮೇಲೆ ತಾನು ಬರೆದದ್ದರಲ್ಲೂ ಒಂದು ಸಂದಿ ಉಳಿದಿತ್ತೆಂಬುದು ಅವಳಿಗೆ ಅಂದು ತಿಳಿಯಿತು.

ಮನೆಗೆ ಬಂದ ಮೇಲೆ ಹೊನ್ನೂರಸ್ವಾಮಿ ಹೊಸ ಅಂಗಿ ಬಿಚ್ಚಿ ಗೂಟಕ್ಕೆ ಸಿಗಿಸಿ, ಗೋಡೆಗೆ ಮುಖ ಮಾಡಿ ಮಾತಾಡಿದ. "ಊರೂರು ತಿರುಗಿ ಮಂದಿನ್ನ ಕೂಡಿಸಿದ್ನೆಕ್ಕ. ನಮ್ಮಪ್ಪನ ಹೆಸರು ಮೈಕಿನಾಗ ಕೇಳಿಸ್ತು ಇವತ್ತು. ಅವ ತಪ್ಪಾತು ಅಂದಿದ್ದ, ಅಲ್ಲಿಗೆ ಮುಗೀತಿತ್ತು. ನೀನ ಎಬ್ಬಿಸಿ ಬೈಸಿಕೊಂಡಿ. ಸಂತ್ಯಾಗ ಜಗಳಾಡೋರಂಗ. ಯಾಕಕ್ಕಾ?"

ಹೇಳುವಂತಿರಲಿಲ್ಲ. ಕಡತದ ಟಿಪ್ಪಣಿ ಇನ್ನೂ ಗೋಪ್ಯ. ಅವನು ಪ್ರೀತಿಯಿಂದ ಊರಿನ ಬಾಯಿ ಮುಚ್ಚಿಸಿದ್ದರಿಂದ ಏನಾಗಲಿತ್ತು ಎಂದು ಹೇಳುವುದಂತೂ ಸಾಧ್ಯವೇ ಇರಲಿಲ್ಲ.

"ಸುಸ್ತಾಗಿತ್ತೋ," ಎಂದಳು. ಅದು ಸುಳ್ಳಾಗಿರಲಿಲ್ಲ.

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಪಕ್ಕೀರಮ್ಮ ಕೇಳಿದಳು: "ಅಂದಂಗ ಆ ದುರುಗಣ್ಣಗ ಮೆಣಸಿನಕಾಯಿ ಕೊಟ್ರೋ ಇಲ್ಲೋ?"

ಮರುದಿನ ಸುಮಂಗಲಾ ಹಣ್ಣಿನ ಬುಟ್ಟಿ, ಶಾಲು, ಗಾಜಿನ ಚೌಕಟ್ಟು ಎಲ್ಲವನ್ನೂ ತಾಯಿಯ ಮನೆಯಲ್ಲೇ ಬಿಟ್ಟು ಹೊರಟಾಗ ಹೊನ್ನೂರಸ್ವಾಮಿ ನಿಲ್ದಾಣಕ್ಕೆ ಬಂದ. ಆದರೆ ಬಸ್ಸು ಹೊರಡುವವರೆಗೂ ಕಂಡಕ್ಟರನ ಜೊತೆ ಮಾತಾಡುತ್ತಿದ್ದ.

ದೆಹಲಿಯಲ್ಲಿ ಹೆಚ್ಚು ಗದ್ದಲವಾಗಲಿಲ್ಲ. ದುರುಗಣ್ಣನ ಪ್ಯಾರಾ ಮೇಲಕ್ಕೆ ಹೋಯಿತು, ಕೆಳಗೆ ಬಂತು, ಅಂಚಿನಲ್ಲಿ ಹಸಿರು ಶಾಯಿಯ ಸಣ್ಣ ಗೀಟು. ಎದುರು ದೇಶದ ವಕೀಲರು ಕೇಳಿದಾಗ ತೋರಿಸಲು ಒಂದು ಕಾಗದವಿತ್ತು. ಸರ್ವೆ ನಂಬರಿನವರೆಗೂ ಓದಿ ಅವರು ಕಾಗದ ಮಡಿಸಿ ವಾಪಸು ಕೊಟ್ಟರಂತೆ. ಈ ಸುತ್ತಿಗೆ ಮೆಕ್ಕೆಜೋಳ ಹೊರಗುಳಿಯಿತು. ಮುಂದಿನ ಸುತ್ತಿಗೆ ಏನೋ, ಯಾರೋ. ತಿಂಗಳ ಕೊನೆಯಲ್ಲಿ ಸುಮಂಗಲಾ ನಿವೃತ್ತಳಾದಳು. ಬೀಳ್ಕೊಡುಗೆಯಲ್ಲಿ ಭಟನಾಗರ್ ಎರಡು ಮಾತಾಡಿ, ಆ ಬಜ್ಜಿಯನ್ನು ನೆನೆದು ಕಣ್ಣೊರೆಸಿಕೊಂಡರು. ಬಂದವರು ಅದನ್ನು ಅಗಲಿಕೆಯ ದುಃಖವೆಂದುಕೊಂಡರು.

ಸುಗ್ಗಿ ಮುಗಿದ ಮೇಲೆ ಹೊನ್ನೂರಸ್ವಾಮಿಯ ಫೋನು ಬಂತು. ಅಷ್ಟು ದಿನ ಪಕ್ಕೀರಮ್ಮನ ಫೋನಿನಲ್ಲಿ ಹಿನ್ನೆಲೆಯ ಕೆಮ್ಮಾಗಿ ಮಾತ್ರ ಕೇಳಿಸುತ್ತಿದ್ದವನು.

"ಅಕ್ಕಾ, ಪೇಪರ್ನ್ಯಾಗ ಬಂದೈತಿ. ಹೊರದೇಶದ ಮೆಕ್ಕಿಜ್ವಾಳ ಬರಂಗಿಲ್ಲಂತ."

"ಹೌದಂತೆ. ಊರಲ್ಲಿ ಧಾರಣೆ ಹೆಂಗೈತಿ?"

"ಬಿದ್ದೈತಿ. ಅದು ಹೊರಗಿಂದು ಬಂದ್ರೂ ಬೀಳ್ತೈತಿ, ಬರದಿದ್ರೂ ಬೀಳ್ತೈತಿ. ಅದು ಬಿಡು. ಇಲ್ಲಿ ಎಲ್ಲಾರೂ ಏನಂತಾರ ಗೊತ್ತೈತೇನು? ದುರುಗಣ್ಣ ಬೈದಿದ್ದಕ್ಕ ಡೆಲ್ಲಿ ಹೆದರ್ತಂತ. ನೀ ತರಾಕ ಬಂದಿದ್ದಿಯಂತ, ಅವ ನಿಲ್ಲಿಸಿದ್ನಂತ. ಬಸ್‌ಸ್ಟ್ಯಾಂಡಿನಾಗ ಅವ ಹೇಳಿದ್ದ ಹೇಳಿದ್ದು, ಅವನ ಚಹಾದ ರೊಕ್ಕ ಮಂದಿ ಕೊಡ್ತಾರ. ನನಗ ಆ ಕಡಿ ಹಾಯಾಕ ಆಗವಲ್ದು."

ಸುಮಂಗಲಾ ನಗು ತಡೆದುಕೊಂಡಳು. ಎಲ್ಲ ತಪ್ಪಾಗಿ ಹೇಳಿ ಊರು ಅದು ಹೇಗೋ ಸರಿಯಾದ ಜಾಗಕ್ಕೇ ಬಂದು ಮುಟ್ಟಿತ್ತು.

"ಅಷ್ಟ ಅಲ್ಲಕ್ಕಾ. ಬರೋ ಐತವಾರ ಕೊಟ್ರಬಸಪ್ಪನ ಸಂಘದೋರ ಅವಗ ಸನ್ಮಾನ ಇಟ್ಟಾರ. ಅದ ಸಭಾಭವನ, ಅದ ಸಿದ್ದಲಿಂಗ ಮೇಷ್ಟ್ರು. ಶಾಲು ತರೋದು ನನಗ ಹಚ್ಚ್ಯಾರ ನೋಡು, ಬೇಕಂತನ. ನೀ ಬಿಟ್ಟು ಹೋದ ಗಂಟು ಹಂಗ ಐತಿ, ಅವ್ವ ಮುಟ್ಟಿಲ್ಲ. ಅದರಾಗಿಂದೊಂದು ಕೊಟ್ಟು ಕೈ ತೊಳಕೊಳ್ಳಲೇನು? ನಿನಗ ಬ್ಯಾಸರ ಆಗಂಗಿಲ್ಲಲ್ಲ?"

"ಇಲ್ಲೋ. ಕೊಡು," ಎಂದಳು ಸುಮಂಗಲಾ. ಆಮೇಲೆ ಸೇರಿಸಿದಳು: "ಇದ್ದುದರಲ್ಲಿ ಚೊಲೋದು ನೋಡಿ ಕೊಡು. ಮತ್ತ ಹೊನ್ನೂರ, ಮೆಣಸಿನಕಾಯಿ ಹಿಂದಿನ ಸಾಲಿಂದ ಹಂಚಾಕ ಹೇಳು."